ಮರಳುಗಲ್ಲಿನ ರೊಟ್ಟಿ

ಊಟ ಮಾಡುವಾಗ ಹಲ್ಲಿಗೆ ಹರಳು ಸಿಕ್ಕರೆ ಮನುಷ್ಯನ ಸಂಸ್ಕಾರವೆಲ್ಲ ಒಂದು ಕ್ಷಣದಲ್ಲಿ ಬಯಲಾಗುತ್ತದೆ. ಒರಟರು ಉಗುಳುತ್ತಾರೆ, ಸಿಟ್ಟಿನವರು ಅಡುಗೆಮನೆಯ ಕಡೆ ನೋಡುತ್ತಾರೆ, ಸಭ್ಯರು ಕಣ್ಣು ಮುಚ್ಚಿ ನುಂಗುತ್ತಾರೆ. ನಾನು ಮಾತ್ರ, ಯಾರ ಮನೆಯಲ್ಲಿ ಯಾರ ಹಲ್ಲಿಗೆ ಸಿಕ್ಕಿದರೂ, ಅಪರಾಧಿಯಂತೆ ತಲೆ ತಗ್ಗಿಸುತ್ತೇನೆ. ಓದುಗ ಮಹಾಶಯರೇ, ಇದಕ್ಕೆ ಕಾರಣ ನನ್ನ ಅಡುಗೆಯಲ್ಲ, ಭೂಗರ್ಭಶಾಸ್ತ್ರ.

ನನ್ನ ಅಪ್ಪ ಗೋಕಾಕದಲ್ಲಿ ಭೂಗೋಳ ಕಲಿಸುವ ಮಾಸ್ತರರು. ಸ್ವಾತಂತ್ರ್ಯ ಬಂದ ಹೊಸತು; ರವಿವಾರ ಬಂತೆಂದರೆ ಜನ ಫಾಲ್ಸಿಗೆ ನೀರು ನೋಡಲು ಹೋಗುತ್ತಿದ್ದರು, ಅಪ್ಪ ನೀರಿಗೆ ಬೆನ್ನು ಹಾಕಿ ಬಂಡೆ ನೋಡುತ್ತಿದ್ದರು. ಬಂಡೆಯ ಮೈಮೇಲೆ ಅಚ್ಚೊತ್ತಿದ್ದ ಪುಟ್ಟ ಪುಟ್ಟ ಅಲೆಗಳ ಗುರುತನ್ನು ತೋರಿಸಿ, ಇಲ್ಲಿ ಹಿಂದೊಮ್ಮೆ ವಿಶಾಲವಾದ ತಗ್ಗಿತ್ತು, ಅದರಲ್ಲಿ ಮೊಣಕಾಲುದ್ದದ ನೀರಿತ್ತು, ಹೊಳೆಗಳು ಹೊತ್ತು ತಂದ ಮರಳು ಪದರದ ಮೇಲೆ ಪದರ ಕೂತು, ತನ್ನ ಭಾರಕ್ಕೆ ತಾನೇ ಒತ್ತಿ ಕಲ್ಲಾಯಿತು ಎಂದು ದಾರಿಹೋಕರಿಗೂ ವಿವರಿಸುತ್ತಿದ್ದರು. ಅವರ ಪ್ರಕಾರ ಈ ಮರಳು ಮೀನೂ ಹುಟ್ಟದ ಕಾಲದ್ದು. ಹುಕ್ಕೇರಿ ಕಡೆಯ ಕರಿಕಲ್ಲು ಬಹಳ ತಡವಾಗಿ ಬೆಂಕಿಯ ರಸವಾಗಿ ಹರಿದು ಬಂದು ಅದರ ಮೇಲೆ ಹಾಸಿಕೊಂಡ ನಿನ್ನೆ ಮೊನ್ನೆಯ ನೆಂಟ. ಕೇಳಿದವರು ಮುಸಿಮುಸಿ ನಗುತ್ತಿದ್ದರು. ನಾನು ನಾಚಿ, ಹಿಂದೆ ಉಳಿದು, ಬೇರೆ ಯಾರದೋ ಮಗಳಂತೆ ನಿಲ್ಲುತ್ತಿದ್ದೆ.

ನಮ್ಮ ಮನೆಯ ಕರಿಕಲ್ಲಿನ ಬೀಸುಕಲ್ಲು ಒಡೆದ ವರ್ಷ ಅಪ್ಪ ತಮ್ಮ ಪ್ರೀತಿಯ ಮರಳುಗಲ್ಲಿನಲ್ಲೇ ಹೊಸದೊಂದನ್ನು ಮಾಡಿಸಿ ತಂದರು.

“ಇಂಥಾ ಕಲ್ಲಿನ್ಯಾಗ ಯಾರರ ಬೀಸ್ತಾರೇನ್ರಿ?” ಎಂದಳು ಅವ್ವ.

“ಇದರಾಗಿನ ಕಣ ಚಾಕೂಕ ಸೈತ ಬಗ್ಗೂದಿಲ್ಲ. ಕರಿಕಲ್ಲಿಗಿಂತ ಗಟ್ಟಿ ಐತಿ.”

ಮಾತು ಖರೆಯೇ. ಕಣ ಗಟ್ಟಿಯಾಗಿತ್ತು, ಕಣವನ್ನು ಕಣಕ್ಕೆ ಹಿಡಿದ ಅಂಟು ಗಟ್ಟಿಯಿರಲಿಲ್ಲ. ಹೊಸ ಕಲ್ಲಿನಲ್ಲಿ ಮೊದಲು ದನಕ್ಕೆ ನುಚ್ಚು ಬೀಸಿ, ಕಲ್ಲಿನ ಪುಡಿ ನಿಂತ ಮೇಲೆಯೇ ಮನೆಯ ಕಾಳು ಹಾಕುವುದು ರೂಢಿ. ನಮ್ಮ ಕಲ್ಲಿನ ಪುಡಿ ನಿಲ್ಲಲೇ ಇಲ್ಲ. ಅಷ್ಟರಲ್ಲಿ ಮೂಡಲಗಿಯ ಚಿಗವ್ವ ಗೊತ್ತು ಮಾಡಿದ ಹುಕ್ಕೇರಿಯ ಮನೆಯವರು ನನ್ನನ್ನು ನೋಡಲು ಬರುವುದಾಗಿ ಹೇಳಿ ಕಳಿಸಿದರು. ನೆರೆಮನೆಯ ಕಲ್ಲು ಕೇಳೋಣವೆಂದು ಅವ್ವ ಅಂದದ್ದಕ್ಕೆ ಅಪ್ಪ ಕೆಂಡವಾದರು. ರೊಟ್ಟಿ ಆ ಹಿಟ್ಟಿನದೇ ಆಯಿತು.

ನಮ್ಮ ಮನೆತನಗಳಲ್ಲಿ ಹೆಣ್ಣು ನೋಡಲು ಬಂದವರು ಮನಸ್ಸಿಗೆ ಬಾರದಿದ್ದರೆ ಚಹಾ ಕುಡಿದು ಏಳುತ್ತಾರೆ. ಊಟಕ್ಕೆ ಕೂತರೆ ಅರ್ಧ ಒಪ್ಪಿದಂತೆ. ಅವರು ಕೂತರು. ಸಣ್ಣ ಮನೆಯಾದ್ದರಿಂದ ಗಂಡಸರೂ ಹೆಂಗಸರೂ ಒಂದೇ ಪಡಸಾಲೆಯಲ್ಲಿ, ಎದುರುಬದುರು ಸಾಲಿನಲ್ಲಿ; ರೊಟ್ಟಿಯ ಬುಟ್ಟಿ ಹಿಡಿದು ಬಡಿಸುವವಳು ನಾನು. ಅಪ್ಪ ತಮ್ಮ ತಾಟನ್ನು ಮುಟ್ಟದೆ ಕಲ್ಲಿನ ಪುರಾಣ ಆರಂಭಿಸಿದರು. ಹೊಳೆ ಮರಳು ತಂದು ಸುರಿಯುವಷ್ಟರಲ್ಲಿ ಹುಡುಗನ ತಾಯಿಯ ಬಾಯಲ್ಲಿ ‘ಕರ್’ ಎಂದಿತು. ಆಮೇಲೆ ಹುಡುಗನ ಬಾಯಲ್ಲಿ. ಆಮೇಲೆ ಸಾಲಿಡೀ. ಭೂಮಿ ಬಾಯ್ದೆರೆದು ನನ್ನನ್ನು ನುಂಗಬಾರದೇ ಎನ್ನಿಸಿತು. ಆದರೆ ನಮ್ಮೂರ ಭೂಮಿಯ ಕೆಳಗಿರುವುದೂ ಅದೇ ಕಲ್ಲು.

“ಕಾಳ ಯಾರವಾ ಹಸನ ಮಾಡಿದ್ದು?” ಎಂದು ಹುಡುಗನ ತಾಯಿ ನನ್ನನ್ನೇ ಕೇಳಿದರು.

ಮೊರ ಹಿಡಿಯಲು ಬಾರದ ಹುಡುಗಿ ಎಂದು ಒಮ್ಮೆ ಹೆಸರಾದರೆ ಹುಕ್ಕೇರಿಯಿಂದಷ್ಟೇ ಅಲ್ಲ, ಯಾವ ಊರಿನಿಂದಲೂ ಯಾರೂ ಬರುವುದಿಲ್ಲ. ಇಷ್ಟಾದರೂ ಮಾತು ನಿಲ್ಲಿಸದ ಅಪ್ಪನ ಮೇಲೆ ಅಸಹ್ಯವೇ ಹುಟ್ಟಿತು.

ಆ ಪ್ರಶ್ನೆ ಕೊನೆಗೂ ಕಿವಿಗೆ ಬಿತ್ತೇನೋ, ಅಪ್ಪ ಮಾತು ನಿಲ್ಲಿಸಿದರು. ತಮ್ಮ ತಾಟಿನ ರೊಟ್ಟಿಯನ್ನು ಮುರಿದು ಬಾಯಿಗಿಟ್ಟು, ನಿಧಾನವಾಗಿ ಅಗಿದರು. ಆ ಸದ್ದು ಅವರಿಗೂ ಕೇಳಿಸಿತು. ಎದ್ದು ನಿಂತರು.

“ಕಾಳ ಹಸನ ಐತ್ರಿ. ಹುಡುಗೀದು ಏನೂ ತಪ್ಪಿಲ್ಲ. ಕಲ್ಲ ತಂದಾಂವ ನಾನು. ಮನ್ಯಾಗ ಬ್ಯಾಡಂದ್ರೂ ಕೇಳಲಿಲ್ಲ. ಕ್ಷಮಾ ಮಾಡ್ರಿ” ಎಂದು ಎಲ್ಲರೆದುರು ಕೈ ಮುಗಿದರು.

ಕಲ್ಲಿನ ಶಾಸ್ತ್ರದ ವಿಷಯದಲ್ಲಿ ಶಾಲಾ ಇನ್ಸ್ಪೆಕ್ಟರರಿಗೂ ಬಗ್ಗದ ಮನುಷ್ಯ. ಅವರು ಮಾತಾಡುತ್ತಾರೆಂದು ಇಷ್ಟು ವರ್ಷ ನಾಚಿದ ನಾನು, ಅವರು ಮಾತು ಸೋತು ನಿಂತಾಗ ನನ್ನ ಬಗೆಗೇ ನಾಚಿದೆ.

ಹುಡುಗನ ತಾಯಿ ಬಾಯಲ್ಲಿದ್ದ ತುತ್ತನ್ನು ನುಂಗಿದರು. “ಕುಂದರ್ರಿ ಮಾಸ್ತರ, ಉಣ್ಣೂ ಹೊತ್ತಿನ್ಯಾಗ ಕೈ ಮುಗೀತಾರೇನು? ಏ ತಂಗಿ, ನನಗಿನ್ನೊಂದ ರೊಟ್ಟಿ ಹಾಕು.”

ಹಾಕಿದೆ. ಅವರು ಮುರಿದು ತಿಂದರು. ಸದ್ದು ಎಲ್ಲರಿಗೂ ಕೇಳಿಸಿತು, ಅವರು ನಿಲ್ಲಿಸಲಿಲ್ಲ. ಅಪ್ಪ ಮಾತ್ರ ಕೂರಲಿಲ್ಲ, ಕೈಯನ್ನೂ ಇಳಿಸಲಿಲ್ಲ. ನೋಡಲು ಬಂದವರ ಮುಂದೆ ಹುಡುಗಿಯಾದವಳು ಅತ್ತಿತ್ತ ನೋಡಬಾರದು, ಬಡಿಸುವುದು ಬಿಟ್ಟು ಪಡಸಾಲೆಯಲ್ಲಿ ನಡೆದಾಡಬಾರದು ಎಂದು ಅವ್ವ ಮುಂಜಾನೆಯಿಂದ ಹೇಳುತ್ತಲೇ ಇದ್ದಳು. ನಾನು ರೊಟ್ಟಿಯ ಬುಟ್ಟಿಯನ್ನು ಕೆಳಗಿಟ್ಟು, ಸಾಲು ದಾಟಿ ಹೋಗಿ, ಅಪ್ಪನ ಮುಗಿದ ಕೈಗಳನ್ನು ಬಿಡಿಸಿದೆ.