ಕ್ಯಾತಣ್ಣನ ಮುಪ್ಪಿನ ಕುರಿಗಳು

ದೊಡ್ಡಉಳ್ಳಾರ್ತಿ ಕಾವಲಿನ ಪಕ್ಕದ ಗೊಲ್ಲರಹಟ್ಟಿಯ ಕ್ಯಾತಣ್ಣ ಮೀಸೆ ಮೂಡುವ ಮೊದಲೇ ಜಂಬುಲಿಂಗಪ್ಪ ಗೌಡನ ಕುರಿಮಂದೆಯ ಹಿಂದೆ ಬಿದ್ದವನು. ಪ್ಲೇಗು ಬಂದು ಊರಿಗೆ ಊರೇ ಬಯಲಲ್ಲಿ ಗುಡಿಸಲು ಹಾಕಿಕೊಂಡಾಗಲೂ ಅವನು ಮಂದೆ ಬಿಟ್ಟು ಕದಲಲಿಲ್ಲ. ಬೇಸಿಗೆಗೆ ಮೊಳಕಾಲ್ಮೂರಿನ ಕಡೆ ಸಿದ್ದಾಪುರದ ಗುಡ್ಡದವರೆಗೆ ಹೊಡೆದುಕೊಂಡು ಹೋಗಿ, ಮಳೆ ಬಿದ್ದ ಮೇಲೆ ತಿರುಗಿ ಬರುತ್ತಿದ್ದ. ಇಷ್ಟಕ್ಕೆ ಸಿಗುತ್ತಿದ್ದುದು ಒಂದಿಷ್ಟು ಕಾಳು, ವರ್ಷಕ್ಕೊಂದು ಕಂಬಳಿ, ಜೊತೆಗೆ ಮುಪ್ಪಿನ ಕುರಿ.

ಮುಪ್ಪಿನ ಕುರಿ ಅಂದರೆ ಮುದಿ ಕುರಿ ಅಲ್ಲ ಮತ್ತೆ, ಕಾಯುವವನ ಮುಪ್ಪಿಗೆ ಆಸರೆಯಾಗಲೆಂದು ಕೂಡಿಡುವ ಕುರಿ. ಕಾಯುವವನು ಕೂಲಿಯ ಕಾಳಿನಲ್ಲಿ ಒಂದು ಪಾಲು ಬಿಟ್ಟುಕೊಟ್ಟು, ಅದರ ಬದಲು ವರ್ಷಕ್ಕೊಂದು ಹೆಣ್ಣುಮರಿ ಹಿಡಿಯಬೇಕು. ಗೌಡ ತನ್ನ ಕಡೆಯಿಂದ ಇನ್ನೊಂದು ಸೇರಿಸಬೇಕು. ಎರಡಕ್ಕೂ ಎಡಗಿವಿ ಸೀಳಿ ಮಂದೆಯಲ್ಲೇ ಬಿಡುವುದು. ಅವು ಈದ ಮರಿಗಳಿಗೂ ಅದೇ ಗುರುತು. ಕಾಯುವವನ ಕಾಲು ಸೋಲುವ ತನಕ ಮಾರುವ ಹಾಗಿಲ್ಲ, ಕೊಯ್ಯುವ ಹಾಗಿಲ್ಲ. ಕಾವಲಿನಲ್ಲಿ ಮೇಯುವ ಕುರಿಗೆಲ್ಲ ಸರ್ಕಾರ ಹುಲ್ಲಿನ ತೆರಿಗೆ ಹಾಕುತ್ತಿತ್ತು, ಆದರೆ ಮುಪ್ಪಿನ ಕುರಿಗೆ ಮಾತ್ರ ವರ್ಷವರ್ಷ ತೆರಿಗೆ ಇಲ್ಲ. ಕಾಯುವವನು ಮಂದೆ ಬಿಟ್ಟು ಅವನ್ನು ಹೊಡೆದುಕೊಂಡು ಹೋಗುವ ವರ್ಷ ಒಂದೇ ಸಲ ಕಟ್ಟಿದರೆ ಆಯಿತು.

ಗೌಡನ ಕಣ್ಣು ಬಿದ್ದದ್ದು ಇದರ ಮೇಲೇ. ತೆರಿಗೆಗೆ ಕುರಿ ಎಣಿಸುವ ಎಣಿಕೆಯ ದಿನ ಹತ್ತಿರ ಬಂತೆಂದರೆ ತನ್ನ ಸ್ವಂತ ಕುರಿಗಳನ್ನೂ ಹಿಡಿಸಿ ಎಡಗಿವಿ ಸೀಳಿಸುತ್ತಿದ್ದ. "ಎಲ್ಲಾ ಕ್ಯಾತನವೇ ಸ್ವಾಮಿ" ಎಂದು ಎಣಿಸಲು ಬಂದ ಸರ್ಕಾರದ ಸಾಹೇಬರ ಮುಂದೆ ಹಲ್ಲು ಕಿಸಿದು ತೆರಿಗೆ ಉಳಿಸಿಕೊಳ್ಳುತ್ತಿದ್ದ. ಒದೆಯುವ ಕುರಿಯ ಕಾಲು ಹಿಡಿಯುವವನೂ ಕ್ಯಾತಣ್ಣನೇ, ಎಣಿಕೆಯ ದಿನ ಹೂಂ ಅನ್ನುವವನೂ ಅವನೇ. ಉಂಡ ಮನೆಗೆ ಎರಡು ಬಗೆಯಬಾರದು ಅಂತ ಬಾಯಿ ಮುಚ್ಚಿಕೊಂಡಿದ್ದ.

ಕೊನೆಗೆ ಮಂಡಿ ಸೋತಿತು. ಹೆಂಡತಿ ಕರಿಯಕ್ಕನನ್ನು ಕರೆದುಕೊಂಡು ಹೋಗಿ ಗೌಡನ ಜಗಲಿಯ ಮುಂದೆ ನಿಂತ.

"ಕಾಲು ಬರ್ತಿಲ್ಲ ಗೌಡ್ರೇ. ನನ್ನ ಕುರಿ ಬಿಟ್ಟುಕೊಡ್ರಿ, ಹೋಗ್ತೀನಿ."

ಗೌಡ ಎಲೆಅಡಿಕೆ ಉಗುಳಿ ಬಂದ. "ಯಾವ ಕುರಿ ಲೇ? ಇಷ್ಟು ವರ್ಷ ನಿನ್ನ ಕುರಿ ತಿಂದ ಹುಲ್ಲಿಗೆ ತೆರಿಗೆ ಯಾರು ಕಟ್ಟಿದ್ರು, ನಿಮ್ಮಪ್ಪನಾ? ಅದಕ್ಕೇ ವಜಾ ಆದ್ವು. ಅಗೋ, ಆ ಕುಂಟು ಕುರಿ ಒಂದು ಉಳಿದೈತೆ, ಹೊಡ್ಕೊಂಡು ಹೋಗು."

ಆ ಕುರಿಗಳಿಗೆ ಒಂದು ಕಾಸೂ ಕಟ್ಟಿರದ ಮನುಷ್ಯ ಎಳ್ಳಷ್ಟೂ ನಾಚಿಕೆಯಿಲ್ಲದೆ ಆಡಿದ ಮಾತು ಇದು. ಕರಿಯಕ್ಕ ಶಾಪ ಹಾಕಲು ಬಗ್ಗಿ ಹಿಡಿ ಮಣ್ಣು ಬಾಚಿಕೊಂಡಳು. ಕ್ಯಾತಣ್ಣ ಅವಳ ಕೈ ಹಿಡಿದ. ಅವನಿಗೂ ಗೌಡನ ಕುತ್ತಿಗೆಗೆ ಕೈ ಹಾಕಬೇಕು ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಅವನಿಗೆ ಆ ಮನುಷ್ಯ ಕಣ್ಣು ಕಣ್ಣು ಬಿಡುವುದನ್ನು ನೋಡಬೇಕಿತ್ತು. "ಹಂಗಾದ್ರೆ ಎಣಿಕೆ ತನಕ ಇರ್ತೀನಿ ಗೌಡ್ರೇ" ಅಂದ. ಬಿಟ್ಟಿ ದುಡಿಮೆ ಸಿಕ್ಕಿತೆಂದು ಗೌಡ ಒಳಗೊಳಗೇ ಹಿಗ್ಗಿದ.

ಎಣಿಕೆಗೆ ಉಳಿದಿದ್ದ ನಾಲ್ಕು ತಿಂಗಳು ಕ್ಯಾತಣ್ಣ ಮಂಡಿಗೆ ಎಕ್ಕದ ಎಲೆ ಕಟ್ಟಿಕೊಂಡು, ಹಲ್ಲು ಕಚ್ಚಿಕೊಂಡು ಮಂದೆ ಮೇಯಿಸಿದ. ಈ ಸಲ ಗೌಡನ ಆಸೆಗೆ ಲಂಗುಲಗಾಮಿಲ್ಲ. ಹತ್ತರಲ್ಲಿ ಎಂಟು ಕುರಿಯ ಕಿವಿ ಸೀಳಿಸಿದ. ಕ್ಯಾತಣ್ಣ ಒಂದೊಂದನ್ನೂ ತಾನೇ ಹಿಡಿದು ತಂದುಕೊಟ್ಟ. ಗೌಡ ಸಾಕು ಅಂದಾಗಲೂ, "ಇದೊಂದು ಐತೆ ನೋಡ್ರಿ" ಎಂದು ಇನ್ನೊಂದನ್ನು ಎಳೆದು ತಂದ. ಅಷ್ಟು ಖುಷಿಯಿಂದ ಅವನು ಯಾವತ್ತೂ ಕೆಲಸ ಮಾಡಿರಲಿಲ್ಲ.

ಎಣಿಕೆಯ ದಿನ ಸಾಹೇಬರು ಬಂದರು, ಊರವರೂ ನೆರೆದರು. "ಎಡಗಿವಿ ಸೀಳಿರೋವು ಯಾರವು?"

"ಕ್ಯಾತನವು ಸ್ವಾಮಿ, ಅವನ ಮುಪ್ಪಿನವು" ಅಂದ ಗೌಡ.

"ಹೌದೇನಯ್ಯ?"

"ನನ್ನವೇ ಸ್ವಾಮಿ" ಎಂದು ಕ್ಯಾತಣ್ಣ ಊರಿಗೆಲ್ಲ ಕೇಳುವ ಹಾಗೆ ಹೇಳಿದ. "ಮಂಡಿ ಹೋಗೈತೆ, ಇವತ್ತೇ ಮಂದೆ ಬಿಡ್ತೀನಿ. ತೆಗೆದುಕೊಂಡು ಹೋಗೋ ವರ್ಷದ ತೆರಿಗೆ ಕಟ್ಟಿಸ್ಕೊಳ್ರಿ."

ಅಲ್ಲೇ ನಿಂತಿದ್ದ ಚಳ್ಳಕೆರೆಯ ಕುರಿ ವ್ಯಾಪಾರಿ ಸಾಬಿಗೆ ಕಿವಿ ಸೀಳಿದ ಐದು ಟಗರು ಮಾರಿ ಪೂರ್ತಿ ತೆರಿಗೆ ಕಟ್ಟಿದ. ಗೌಡನ ಮುಖ ಸುಣ್ಣ ಬಳಿದ ಹಾಗಾಯಿತು. ತನ್ನವು ಅಂದರೆ ಅಷ್ಟೂ ವರ್ಷದ ತೆರಿಗೆ, ಮೇಲೆ ದಂಡ, ಊರ ಮುಂದೆ ಕಳ್ಳ ಅನ್ನಿಸಿಕೊಳ್ಳುವುದು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಕ್ಯಾತಣ್ಣ ಕುಂಟುತ್ತ, ಬೇಕೆಂದೇ ಗೌಡನ ಮನೆಯ ಮುಂದಿನಿಂದ ಕಿವಿ ಸೀಳಿದ ಕುರಿಗಳನ್ನೆಲ್ಲ ಹೊಡೆದುಕೊಂಡು ಹೋದ.

ಮಾರನೆಯ ಬೆಳಿಗ್ಗೆ ಗೌಡ ಹಟ್ಟಿಯ ಬೇಲಿಯ ಹತ್ತಿರ ನಿಂತಿದ್ದ. "ಅರ್ಧನಾದ್ರೂ ಕೊಡಪ್ಪ. ನನ್ನ ಕುರಿಗೂ ಕಿವಿ ಸೀಳಿಸಿದ್ದು ನಿಂಗೂ ಗೊತ್ತೈತೆ."

"ಗೊತ್ತೈತೆ. ಯಾವುವು ನಿಮ್ಮವು ಅಂತ ಬಂದು ಸಾಹೇಬ್ರ ಮುಂದೆ ತೋರಿಸ್ರಿ. ಇನ್ನೂ ಚಳ್ಳಕೆರೆ ಬಂಗಲೆಯಾಗೇ ಅವ್ರೆ."

ಗೌಡ ಬಂದ ದಾರಿ ಹಿಡಿದ. ಅವನ ಬೆನ್ನು ಮರೆಯಾಗುವ ತನಕ ಕ್ಯಾತಣ್ಣ ಕಣ್ಣು ತುಂಬ ನೋಡಿದ.

ದೊಡ್ಡಿ ಗುಡಿಸುತ್ತಿದ್ದ ಕರಿಯಕ್ಕ ಕೇಳಿದಳು: "ಅಲ್ಲ, ಅದ್ರಾಗೆ ಅವನವೂ ಅವೆ. ಪಾಪ ಬರಾಕಿಲ್ವಾ?"

"ಬರ್ಲಿ ಬಿಡು," ಅಂದ ಕ್ಯಾತಣ್ಣ, "ಅದನ್ನೂ ಮೇಯಿಸ್ತೀನಿ."