ಮೇಲಿನ ಮನೆಯ ದನಿ

ಯಾರೂ ಆಡದ ಮಾತು ಕಿವಿಗೆ ಬೀಳುವವರ ಮಿದುಳಿನಲ್ಲಿ ಏನು ನಡೆಯುತ್ತದೆ ಎಂಬುದೇ ದಾನೇಶ್ವರಿಯ ಸಂಶೋಧನೆ. ವಿಜಯಪುರದಿಂದ ಬಂದು ಸಯನ್‌ನಲ್ಲಿ ನೆಲೆಸಿದ ಕಾಳುಕಡಿ ವ್ಯಾಪಾರಿಯ ಮಗಳು ಈ ದಾರಿ ಹಿಡಿಯಲು ಕಾರಣ ಮನೆಯಲ್ಲೇ ಇತ್ತು. ತಮ್ಮ ಶ್ರೀಶೈಲ ಬಾಂದ್ರಾದ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ಅವನಿಗೊಂದು ಗಂಡುದನಿ ಕೇಳಲು ಶುರುವಾಯಿತು. ‘ಈಗ ನೀರು ಕುಡೀತಾನ, ಈಗ ಬಾಗಿಲಾ ಹಾಕ್ತಾನ’ ಎಂದು ಅವನ ಬೆನ್ನು ಬಿಡದೆ ಹೇಳುತ್ತಿತ್ತು. ನಡುನಡುವೆ ಹೊಲಸು ಬೈಗುಳ. ಅದು ಮೇಲಿನ ಮನೆಯಿಂದಲೇ ಬರುತ್ತದೆಂದು ಅವನ ನಂಬಿಕೆ. ವೈದ್ಯರು ಸ್ಕಿಜೋಫ್ರೇನಿಯಾ ಎಂದರು. ಗುಳಿಗೆಯಿಂದ ದನಿ ತಗ್ಗಿತೇ ಹೊರತು ನಿಲ್ಲಲಿಲ್ಲ. ಕೆಲಸ ಹೋಯಿತು.

ಒಂದು ಭಾನುವಾರ ಅವನೇ ಕೇಳಿದ, “ಅಕ್ಕಾ, ನೀ ದಿನಾ ಏನ್ ಹುಡುಕ್ತಿ?”

ಅವಳು ಹುರುಪಿನಿಂದ ಹೇಳಿದಳು. ಮನಸ್ಸಿನೊಳಗೆ ಮಾತಾಡಿಕೊಂಡಾಗ ಮಿದುಳಿನ ಮಾತಾಡುವ ಭಾಗ ಕೇಳುವ ಭಾಗಕ್ಕೆ ‘ಇದು ನಮ್ಮದೇ’ ಎಂದು ಸುದ್ದಿ ಮುಟ್ಟಿಸುತ್ತದೆ. ಎರಡರ ನಡುವಿನ ಕೂಡಿಕೆ ಸಡಿಲವಾದರೆ ತನ್ನದೇ ಮಾತು ಪರರ ದನಿಯಾಗಿ ಕೇಳಬಹುದು. ಎಂಆರ್‌ಐ ಸ್ಕ್ಯಾನ್‌ಗಳಲ್ಲಿ ಅವಳು ಹುಡುಕುತ್ತಿದ್ದದ್ದು ಆ ಸಡಿಲವನ್ನು.

“ಹಂಗಾರ ನಂದೂ ಸ್ಕ್ಯಾನ್ ಮಾಡ್ಸು. ಎಲ್ಲಿ ಸಡ್ಲಾಗೈತಿ ತೋರ್ಸಿಬಿಟ್ರ ಮ್ಯಾಲಿನ ಮನಿಯವರ ತಂಟಿಗಿ ನಾ ಹೋಗಂಗಿಲ್ಲ.”

“ಒಬ್ಬರ ಸ್ಕ್ಯಾನಿನಾಗ ಅದು ಕಾಣಂಗಿಲ್ಲೋ ತಮ್ಮಾ. ಭಾಳ ಮಂದೀದು ಕೂಡಿಸಿ ನೋಡಿದ್ರ ಅಷ್ಟ ಗೊತ್ತಾಗ್ತದ.”

ಅಡುಗೆಮನೆಯಿಂದ ತಾಯಿ ಅಂಬವ್ವ ಬಂದಳು. “ಊರ ಮಂದಿ ತಲಿ ಎಲ್ಲಾ ನೋಡ್ತಿ. ಒಡಹುಟ್ಟಿದವನ ತಲಿ ಯಾಕ ನೋಡವಲ್ಲಿ?”

ತನ್ನ ಅಧ್ಯಯನಕ್ಕೆ ಮನೆಯವರನ್ನು ಸೇರಿಸಿಕೊಳ್ಳುವಂತಿರಲಿಲ್ಲ. ಬೇರೊಂದು ಕಡೆ ಸ್ಕ್ಯಾನ್ ಮಾಡಿಸಿದಳು. ಅಲ್ಲಿನ ವೈದ್ಯ ನಗುತ್ತ ಶ್ರೀಶೈಲನ ಭುಜ ತಟ್ಟಿ, “ಸಬ್ ನಾರ್ಮಲ್ ಹೈ. ಟೆನ್ಶನ್ ಮತ್ ಲೋ” ಎಂದ.

ಟ್ಯಾಕ್ಸಿಯಲ್ಲಿ ಶ್ರೀಶೈಲನ ಮುಖ ಅರಳಿತ್ತು. “ನಾ ಹೇಳಿರ್ಲಿಲ್ಲೇನು? ನನ್ ತಲಿ ಛಲೋ ಐತಿ. ಮಾತಾಡೋರು ಮ್ಯಾಲಿನ ಮನಿಯವರ.”

“ತಲ್ಯಾಗ ಗಂಟು-ಗಡ್ಡಿ ಇಲ್ಲ ಅಂತ ಅಷ್ಟ ಅದರ ಅರ್ಥ, ಶ್ರೀಶೈಲಾ.”

“ನೀನ ಹೇಳಿದ್ದಿ ಅಲ್ಲಾ, ತಲ್ಯಾಗ ಸಡ್ಲಾಗಿದ್ರ ದನಿ ಬರ್ತದ ಅಂತ? ಏನೂ ಆಗಿಲ್ಲಂದ್ರ ಹೊರಗಿಂದಲ್ಲೇನು?”

ದಾರಿಯುದ್ದಕ್ಕೂ ಬಗೆಬಗೆಯಾಗಿ ಬಿಡಿಸಿ ಹೇಳಿದಳು. ಅವನು ಸಣ್ಣ ಮಕ್ಕಳ ಹಟ ಕಂಡವರಂತೆ ಸಮಾಧಾನದಿಂದ ಕೇಳಿಸಿಕೊಂಡ, ಅಷ್ಟೆ. ಅಂದಿನಿಂದ ಗುಳಿಗೆಯನ್ನು ನಾಲಿಗೆಯಡಿ ಇಟ್ಟುಕೊಂಡು ಮೋರಿಗೆ ಉಗುಳತೊಡಗಿದ. ಅದು ಮನೆಯವರಿಗೆ ಗೊತ್ತಾಗುವಷ್ಟರಲ್ಲಿ ಹೊತ್ತು ಮೀರಿತ್ತು.

ಮೇಲಿನ ಮನೆಯಲ್ಲಿ ಇದ್ದವಳು ಸೇವಂತಿ, ಒಂಟಿ ಮುದುಕಿ. ಒಂದು ಮಧ್ಯಾಹ್ನ ಅವನು ಒಳನುಗ್ಗಿ ಆ ಗಂಡಸನ್ನು ಹುಡುಕುತ್ತ ಕಪಾಟು ತೆಗೆದ, ಟಿವಿ ಕಿತ್ತ. ತಡೆಯಲು ಹೋದ ಸೇವಂತಿ ಬಿದ್ದು ಕೈ ಮುರಿದುಕೊಂಡಳು. ಫೋನ್ ಬಂದು ದಾನೇಶ್ವರಿ ಓಡಿ ಬಂದಾಗ ಬಿಲ್ಡಿಂಗಿನವರು ಅವನನ್ನು ಹಿಡಿದುಕೊಂಡಿದ್ದರು. ಮುದುಕಿ ಕೈ ಅವಚಿಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು.

“ನನ್ ಮನ್ಯಾಗ ಗಂಡಸ್ರು ಯಾರದಾರ, ದಾನವ್ವಾ? ನೀ ಇಷ್ಟ್ ಓದಿದಾಕಿ, ಅವಂಗ ತಿಳಿಸಿ ಹೇಳಬಾರ್ದೇನು?”

ದಾನೇಶ್ವರಿ ಅವಳಿಗೆ ಆಸರೆಯಾಗಿ ಮೆಲ್ಲಗೆ ಎಬ್ಬಿಸಿದಳು.

ಅವನನ್ನು ಸೇರಿಸಿದ ಆಸ್ಪತ್ರೆಯ ವಾರ್ಡಿನಲ್ಲಿ, ಔಷಧದ ಮಂಪರಿನಲ್ಲೇ, ಶ್ರೀಶೈಲ ಅವಳ ಮಣಿಕಟ್ಟು ಹಿಡಿದ. “ಅಕ್ಕಾ, ಖರೇ ಹೇಳು. ಅಂವ ಒಳಗದಾನೋ, ಹೊರಗದಾನೋ?”

“ಒಳಗ.”

“ಮತ್ತ ತೋರ್ಸು.”

ಅವಳ ಲ್ಯಾಪ್‌ಟಾಪಿನಲ್ಲಿ ಹಲವರ ಮಿದುಳುಗಳನ್ನು ಕೂಡಿಸಿ ಮಾಡಿದ ಚಿತ್ರಗಳಿದ್ದವು. ಅವುಗಳಲ್ಲಿ ಯಾವುದೂ ಅವನದಲ್ಲ. ಬೆರಳಿಟ್ಟು ‘ಇಲ್ಲಿ ನೋಡು’ ಎನ್ನುವ ಜಾಗವನ್ನು ಇಡೀ ಜಗತ್ತಿನಲ್ಲಿ ಯಾರೂ ಕಂಡಿರಲಿಲ್ಲ. ಅವನ ಹಿಡಿತ ತಾನಾಗಿ ಸಡಿಲಾಗುವವರೆಗೆ ಅಲ್ಲೇ ನಿಂತಳು.

ಈಗ ಶ್ರೀಶೈಲ ಮನೆಯಲ್ಲಿದ್ದಾನೆ. ತಿಂಗಳಿಗೊಮ್ಮೆ ಇಂಜೆಕ್ಷನ್. ಮೈ ಊದಿದೆ, ಹಗಲೂ ಮಲಗಿರುತ್ತಾನೆ. ಸೇವಂತಿ ವಡಾಲದ ಮಗಳ ಮನೆ ಸೇರಿದಳು. ಬೀಗ ಹಾಕಿದ ಆ ಮನೆಯಿಂದ ದನಿ ಇನ್ನೂ ಬರುತ್ತಿದೆಯೇ ಎಂದು ದಾನೇಶ್ವರಿ ಒಮ್ಮೆ ಕೇಳಿದಳು. ಅವನು ಗೋಡೆಯ ಕಡೆ ಹೊರಳಿದ. ಅವಳೊಂದಿಗೆ ಆ ಮಾತನ್ನೇ ಅವನು ಬಿಟ್ಟಿದ್ದಾನೆ.

ಈ ವರ್ಷ ಅವಳ ಸಂಶೋಧನಾ ಲೇಖನ ಹೊರದೇಶದ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಸಂಸ್ಥೆಯಲ್ಲಿ ಎಲ್ಲರೂ ಕೈಕುಲುಕಿದರು. ಸಂಜೆ ಸುದ್ದಿ ಕೇಳಿ ಅಂಬವ್ವ ಸೆರಗಿಗೆ ಕೈ ಒರೆಸಿಕೊಂಡು ಹತ್ತಿರ ಕೂತಳು.

“ಅದ್ರಾಗ ಇವಂಗೇನರ ಐತೇನವ್ವಾ?”

“ಇಲ್ಲಬೇ. ಇನ್ನೂ ಇಲ್ಲ.”

ಅಂಬವ್ವ ಮಗಳ ತಲೆ ಸವರಿ, ಮಗನನ್ನು ಊಟಕ್ಕೆ ಎಬ್ಬಿಸಲು ಒಳಗೆ ಹೋದಳು.