ಬುಧವಾರದ ಡಬ್ಬಿ

ಬಂಗಲೆಯಲ್ಲಿ ಟವೆಲಿಗೂ ವಾರವಿತ್ತು. ಸೋಮವಾರದ್ದಕ್ಕೆ ನೀಲಿ ದಾರದ ಗುರುತು, ಮಂಗಳವಾರದ್ದಕ್ಕೆ ಕೆಂಪು, ಹೀಗೆ. ಒಂದು ಸಲ ಅಗಸರವನು ಮಂಗಳವಾರದ ಟವೆಲು ತರುವುದು ತಡವಾಯಿತೆಂದು ಪಾದ್ರಿಗಳು ಒದ್ದೆ ಮುಖದಲ್ಲೇ ಕಾಫಿಗೆ ಬಂದು ಕೂತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬುಧವಾರದ ಟವೆಲು ಮಡಿಸಿದ್ದು ಮಡಿಸಿದ ಹಾಗೇ ಕೈಗೆಟುಕುವಲ್ಲಿ ಇತ್ತು. ಅದನ್ನು ಮುಟ್ಟಲಿಲ್ಲ.

ನಾನಾಗ ಮಧುಗಿರಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಮೇಷ್ಟ್ರಮ್ಮ. ಬಂಗಲೆಯ ಹಿಂದಿನ ಒಂದು ಕೋಣೆ ನನಗೆ ಬಿಟ್ಟಿದ್ದರು. ಶಾಲೆ ಮುಗಿದ ಮೇಲೆ ಅಮ್ಮನವರಿಗೆ, ಅಂದರೆ ಪಾದ್ರಿಗಳ ಹೆಂಡತಿಗೆ, ಕನ್ನಡದಲ್ಲಿ ಚೀಟಿ ಚಪಾಟಿ ಬರೆದುಕೊಡುವುದು, ಪ್ರಾರ್ಥನೆಗೆ ಹಾರ್ಮೋನಿಯಂ ಬಾರಿಸುವುದು, ಅಡಿಗೆಮನೆಯಲ್ಲಿ ಕೈಯಾಡಿಸುವುದು ನನ್ನ ಪಾಲಿನ ಕೆಲಸ. ಇಬ್ಬರಿಗೂ ಅರವತ್ತು ದಾಟಿತ್ತು. ಹಡಗಿನಲ್ಲಿ ಬಂದವರು, ನಮ್ಮ ಸೀಮೆಯ ಬಿಸಿಲಿಗೆ ಒಣಗಿ ನಮ್ಮವರೇ ಆಗಿದ್ದರು. ಪಾದ್ರಿಗಳ ಕನ್ನಡ ಪುಸ್ತಕದಿಂದ ಕಲಿತದ್ದು. ಅಮ್ಮನವರದು ಜಗಲಿಯಲ್ಲಿ ಕಲಿತದ್ದು. ಆದ್ದರಿಂದ ಸಂತೆಯಲ್ಲಿ ಬದನೆಕಾಯಿ ಕೇಳಲು ಪಾದ್ರಿಗಳು ಹೋದರೆ ಜನ ಕೈಮುಗಿಯುತ್ತಿದ್ದರು, ಅಮ್ಮನವರು ಹೋದರೆ ಬೆಲೆ ಇಳಿಸುತ್ತಿದ್ದರು.

ಸೋಮವಾರ ಕೊರಟಗೆರೆ, ಮಂಗಳವಾರ ಕಾಗದ ಬರೆಯುವುದು, ಬುಧವಾರ ಸಿರಾ, ಗುರುವಾರ ಪಾವಗಡ, ಶುಕ್ರವಾರ ಮಧುಗಿರಿಯೊಳಗೇ ಮನೆಮನೆ ಭೇಟಿ, ಶನಿವಾರ ಮರುದಿನದ ಪ್ರಸಂಗ, ಅಂದರೆ ಉಪದೇಶ, ಬರೆಯುವುದು. ಇದು ಅವರ ವಾರ. ಡಿಸೆಂಬರ್ ಬಂದರೂ ಅದು ಬದಲಾಗುತ್ತಿರಲಿಲ್ಲ. ಇರುವವರು ಒಬ್ಬರೇ ಪಾದ್ರಿ, ಊರು ನಾಲ್ಕು. ಹೀಗಾಗಿ ಆಯಾ ಊರಿನವರು ತಂತಮ್ಮ ವಾರದ ದಿನವೇ ಹಬ್ಬ ಮಾಡಿಬಿಡುತ್ತಿದ್ದರು. ಯೇಸುಸ್ವಾಮಿ ಬೇರೆ ಕಡೆ ವರ್ಷಕ್ಕೊಂದು ಸಲ ಹುಟ್ಟಿದರೆ ನಮ್ಮ ಕಡೆ ವಾರಕ್ಕೆ ನಾಲ್ಕು ಸಲ ಹುಟ್ಟುತ್ತಾನೆ ಎಂದು ಪಾದ್ರಿಗಳೇ ನಗುತ್ತಿದ್ದರು. ನಾಲ್ಕು ಹುಟ್ಟಿಗೆ ನಾಲ್ಕು ಊಟ. ಕೊರಟಗೆರೆಯಲ್ಲಿ ಮುದ್ದೆ ಮತ್ತು ಮರಿಯ ಸಾರು, ಸಿರಾದಲ್ಲಿ ಬಟ್ಟೆ ಅಂಗಡಿ ಸಾಹೇಬರ ಮನೆಯ ಬಿರಿಯಾನಿ, ಪಾವಗಡದಲ್ಲಿ ತೆಲುಗು ಹಾಡು ಮತ್ತು ಕಣ್ಣೀರು ತರಿಸುವ ಖಾರ, ಮಧುಗಿರಿಯಲ್ಲಿ ಮನೆಗೊಂದು ತಿಂಡಿ. ಗುರುವಾರದ ಹೊತ್ತಿಗೆ ಪಾದ್ರಿಗಳು ಬೆಲ್ಟಿನಲ್ಲಿ ಎರಡು ತೂತು ಮುಂದಕ್ಕೆ ಹೋಗಿರುತ್ತಿದ್ದರು.

ಪ್ರತಿ ಊರಲ್ಲೂ ಒಂದೊಂದು ಮನೆಗೆ ಅಮ್ಮನವರ ಕೈಯ ಕೇಕು ಹೋಗಬೇಕು. ದಪ್ಪ ತಳದ ಪಾತ್ರೆಗೆ ಮರಳು ಹಾಕಿ, ಅದರೊಳಗೆ ಹಿಟ್ಟಿನ ಡಬರಿ ಇಟ್ಟು, ಮುಚ್ಚಳದ ಮೇಲೆ ಕೆಂಡ ಸುರಿದು ಬೇಯಿಸುತ್ತಿದ್ದರು. ನಾಲ್ಕರಲ್ಲಿ ಮೂರಕ್ಕೆ ಮೊಟ್ಟೆ, ಒಂದಕ್ಕೆ ಇಲ್ಲ. ಮೊಟ್ಟೆಯಿಲ್ಲದ್ದಕ್ಕೆ ಮೊಸರು, ತುಪ್ಪ, ಒಂದು ಚಿಟಿಕೆ ಸೋಡಾ. ಗುರುತಿಗೆ ಅದರ ನಡುಮಧ್ಯೆ ಒಂದು ಲವಂಗ. ಆ ಕೇಕು ಮಧುಗಿರಿಯ ಮಂಡಿ ಅಜ್ಜಿಗೆ.

ಮಂಡಿ ಅಜ್ಜಿಯ ಮನೆಯವರು ಲಿಂಗವಂತರು, ತಲೆಮಾರುಗಳಿಂದ ಕಾಳಿನ ವ್ಯಾಪಾರ. ಅಜ್ಜಿ ಅಮ್ಮನವರಿಗಿಂತ ನಾಲ್ಕಾರು ವರ್ಷ ದೊಡ್ಡವರು. ಊರಿಗೆ ಹೊಸದಾಗಿ ಬಂದಾಗ ಅಮ್ಮನವರಿಗೆ ಕನ್ನಡ ಕಲಿಸಿದ ಜಗಲಿ ಅವರದೇ. ಆದರೆ ಹೊರಗಿನವರ ಕೈಯ ನೀರನ್ನೂ ಮುಟ್ಟುವವರಲ್ಲ. ಅಂಥವರಿಗೆ ಅಮ್ಮನವರು ಹದಿನಾಲ್ಕು ವರ್ಷ ತಪ್ಪದೆ ಲವಂಗದ ಕೇಕು ಕಳಿಸಿದ್ದರು. ಹದಿನಾಲ್ಕು ವರ್ಷವೂ ಮರುದಿನ ಡಬ್ಬಿ ಎಳ್ಳುಂಡೆ ತುಂಬಿಕೊಂಡು ವಾಪಸು ಬರುತ್ತಿತ್ತು. ಬರಿ ಡಬ್ಬಿ ಕೊಡಬಾರದಲ್ಲ. ಜೊತೆಗೆ ‘ಬಲು ರುಚಿಯಾಗಿತ್ತು’ ಎಂಬ ಮಾತೂ ಬರುತ್ತಿತ್ತು.

ಆ ವರ್ಷ ಕೊನೆಯ ವರ್ಷ. ಅವರು ತಮ್ಮ ದೇಶಕ್ಕೆ ಮರಳಲು ಮಾರ್ಚಿಗೆ ಹಡಗು ಗೊತ್ತಾಗಿತ್ತು. ಒಣದ್ರಾಕ್ಷಿಯ ಕಡ್ಡಿ ಕೀಳುತ್ತಾ ಕೂತಿದ್ದ ನನಗೆ ಅಮ್ಮನವರು ಹಿಟ್ಟು ತಿರುಗಿಸುತ್ತಲೇ ಹೇಳಿದರು.

“ಊರಿಗೆ ಹೋದ ಮೇಲೆ, ಅಷ್ಟು ವರ್ಷ ಅಲ್ಲಿ ಏನು ಕಡಿದೆ ಅಂತ ಕೇಳ್ತಾರೆ ಕಣಮ್ಮ. ಮಂಡಿ ಅಕ್ಕ ನನ್ನ ಕೈಯಡಿಗೆ ತಿಂದಳು ಅಂತ ಹೇಳ್ತೀನಿ. ಬೇರೆ ಏನು ಹೇಳಲಿ?”

ನಾನು ಒಂದು ಕಡ್ಡಿಯನ್ನು ಬಹಳ ಹೊತ್ತು ಕಿತ್ತೆ. ಯಾಕೆಂದರೆ ಅಮ್ಮನವರಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿತ್ತು. ನಾನು ಬಂದ ಮೂರನೇ ವರ್ಷವೇ, ಬಂಗಲೆಗೆ ಬಾಡಿಗೆಗೆ ಬರುವ ಜಟಕಾ ಸಾಬರು ನನ್ನ ಹತ್ತಿರ ಒಂದು ಗುಟ್ಟು ಆಡಿದ್ದರು. ಅಜ್ಜಿ ಆ ಕೇಕನ್ನು ಮೂಸಿಯೂ ನೋಡುವುದಿಲ್ಲ, ಹಿತ್ತಲ ಬಾಗಿಲಿಗೆ ತನ್ನನ್ನು ಕರೆದು ಇಡೀ ಕೇಕು ಕೊಡುತ್ತಾರೆ, ತನ್ನ ಮನೆಯಲ್ಲಿ ಅದು ಎರಡು ದಿನದ ಚಹಾಕ್ಕೆ ಆಗುತ್ತದೆ ಎಂದು. ಇದನ್ನು ಅಮ್ಮನವರಿಗೆ ಹೇಳಿ ಯಾವ ಪುಣ್ಯ ಕಟ್ಟಿಕೊಳ್ಳಲಿ ಎಂದು ನಾನು ಬಾಯಿ ಮುಚ್ಚಿಕೊಂಡಿದ್ದೆ. ಎಂಟು ವರ್ಷ ಮುಚ್ಚಿದ ಬಾಯಿ ಒಂಬತ್ತನೆಯ ವರ್ಷ ತೆರೆಯುವುದು ಇನ್ನೂ ಕಷ್ಟ.

ಡಬ್ಬಿಗಳ ಮೇಲೆ ಚೀಟಿ ಅಂಟಿಸಿದವಳು ನಾನೇ. ಆ ಮನೆಯ ಪದ್ಧತಿಯಂತೆ ಹೆಸರಲ್ಲ, ವಾರ. ಸಿರಾದ್ದಕ್ಕೆ ‘ಬುಧವಾರ’, ಅಜ್ಜಿಯದಕ್ಕೆ ‘ಶುಕ್ರವಾರ’.

ಅಷ್ಟರಲ್ಲಿ ಸಿರಾದಿಂದ ಆಳು ಬಂದ. ಅಲ್ಲಿಯ ಚರ್ಚಿಗೆ ಸುಣ್ಣ ಹೊಡೆಸಿದ್ದಾರೆ, ಒಣಗಿಲ್ಲ, ಬುಧವಾರದ ಬದಲು ಶುಕ್ರವಾರ ಬರಬೇಕು ಎಂದು. ಪಾದ್ರಿಗಳು ಅರ್ಧ ದಿನ ಚಡಪಡಿಸಿ ಒಪ್ಪಿದರು. ಬುಧವಾರ ಖಾಲಿಯಾಯಿತಲ್ಲ, ಶುಕ್ರವಾರದ ಮಧುಗಿರಿ ಭೇಟಿಯನ್ನು ಬುಧವಾರವೇ ಮುಗಿಸುತ್ತೇನೆ ಎಂದು ತೀರ್ಮಾನವಾಯಿತು. ಅಮ್ಮನವರು ಅವತ್ತು ಮಕ್ಕಳ ಕ್ರಿಸ್‌ಮಸ್ ನಾಟಕದ ಕುರುಬರಿಗೆ ಕಂಬಳಿ ಹೊದಿಸುವುದರಲ್ಲಿ ಮುಳುಗಿದ್ದರು, ನಾನೂ ಅಲ್ಲೇ. ಪಾದ್ರಿಗಳು ಒಬ್ಬರೇ ಬೀರು ತೆಗೆದು ನೋಡಿದರು. ಇವತ್ತು ಬುಧವಾರ. ಡಬ್ಬಿಯ ಮೇಲೂ ಬುಧವಾರ ಎಂದಿದೆ. ಅದನ್ನು ಎತ್ತಿಕೊಂಡು ಜಟಕಾ ಹತ್ತಿ ನೇರ ಮಂಡಿ ಅಜ್ಜಿಯ ಮನೆಗೆ ಹೋಗಿ ಕೊಟ್ಟು ಬಂದರು.

ಗುರುವಾರ ಅವರಿಬ್ಬರೂ ಪಾವಗಡದಲ್ಲಿದ್ದಾಗ ಜಟಕಾ ಸಾಬರು ಎಳ್ಳುಂಡೆ ತುಂಬಿದ ಡಬ್ಬಿ ತಂದು ನನ್ನ ಕೈಗಿತ್ತರು. ಬಲು ರುಚಿಯಾಗಿತ್ತಂತೆ ಎಂದು ಅಜ್ಜಿಯ ಮಾತನ್ನೂ ಒಪ್ಪಿಸಿದರು. ನಾನು ಚೀಟಿ ನೋಡಿದೆ. ‘ಬುಧವಾರ’ ಎಂದಿತ್ತು, ಮೊಟ್ಟೆಯದು. ಆಮೇಲೆ ಯೋಚಿಸಿದೆ: ಅಜ್ಜಿಯಂತೂ ತಿಂದಿಲ್ಲ. ಮೊಟ್ಟೆಯಿಲ್ಲದ್ದು ಸಿರಾಕ್ಕೆ ಹೋದರೆ ಸಾಹೇಬರ ನೇಮವೇನೂ ಕೆಡುವುದಿಲ್ಲ. ಸುಮ್ಮನಿರೋಣ. ಹಾಗೆಂದುಕೊಂಡು ಎರಡು ಎಳ್ಳುಂಡೆ ತಿಂದೆ.

ಶುಕ್ರವಾರ ಸಿರಾದಲ್ಲಿ ಬಿರಿಯಾನಿ ಆದ ಮೇಲೆ ಪಾದ್ರಿಗಳು ತಂದುಕೊಟ್ಟ ‘ಶುಕ್ರವಾರ’ದ ಡಬ್ಬಿಯನ್ನು ಸಾಹೇಬರ ಬೇಗಮ್ಮನವರು ಎಲ್ಲರ ಮುಂದೆ ತೆಗೆದರು. ನಡುಮಧ್ಯೆ ಲವಂಗ. ಅಮ್ಮನವರ ಮುಖ ಸುಣ್ಣ ಒಣಗದ ಗೋಡೆಯಂತಾಯಿತು. ಬಸ್ಸಿನಲ್ಲಿ ಮಧುಗಿರಿಯವರೆಗೂ ಒಂದೇ ಮಾತು: ಅಕ್ಕನಿಗೆ ಮೊಟ್ಟೆ ತಿನ್ನಿಸಿಬಿಟ್ಟೆ, ಕೊರಳಲ್ಲಿ ಲಿಂಗ ಕಟ್ಟಿದವಳ ನೇಮ ಕೆಡಿಸಿ ಹಡಗು ಹತ್ತುತ್ತಾ ಇದ್ದೀನಿ. ಪಾದ್ರಿಗಳು ಒಮ್ಮೆ ಮಾತ್ರ ಬಾಯಿ ಬಿಟ್ಟರು. ಚೀಟಿಯಲ್ಲಿ ಬುಧವಾರ ಎಂದಿತ್ತು, ಅವತ್ತು ಬುಧವಾರವೇ ಆಗಿತ್ತು ಎಂದರು. ಅಮ್ಮನವರು ನೋಡಿದ ನೋಟಕ್ಕೆ ಮತ್ತೆ ಬಾಯಿ ಬಿಡಲಿಲ್ಲ. ನಾಳೆ ಬೆಳಗ್ಗೆಯೇ ಹೋಗಿ ಅಕ್ಕನ ಮುಂದೆ ತಪ್ಪೊಪ್ಪಿಕೊಳ್ಳುತ್ತೇನೆ ಎಂದು ಅಮ್ಮನವರು ಹೇಳಿದಾಗ ಪಕ್ಕದಲ್ಲಿ ಕೂತಿದ್ದ ನಾನು ಅವರಿಗಿಂತ ಮೊದಲೇ ಅಲ್ಲಿಗೆ ಹೋಗಬೇಕೆಂದು ಲೆಕ್ಕ ಹಾಕಿದೆ.

ಶನಿವಾರ ಅವರು ಏಳುವ ಮೊದಲೇ ನಾನು ಮಂಡಿ ಅಜ್ಜಿಯ ಹಿತ್ತಲಲ್ಲಿದ್ದೆ. ಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡು ಬಂದ ಅಜ್ಜಿಗೆ ಎಲ್ಲವನ್ನೂ ಹೇಳಿದೆ. ಅಜ್ಜಿ ಮೊದಲು ನಕ್ಕರು. ತಾನು ತಿಂದಿದ್ದರಲ್ಲವೇ ಎಂದರು. ಆಮೇಲೆ ನಗು ನಿಂತಿತು. ತಿಂದಿಲ್ಲ ಎನ್ನಲು ಬಾಯಿಲ್ಲ, ಬಲು ರುಚಿಯಾಗಿತ್ತೆಂದು ಹೇಳಿ ಕಳಿಸಿ ಆಗಿದೆ. ತಿಂದೆ ಎಂದರೆ ಅಮ್ಮನವರು ಆ ಪಾಪ ಹೊತ್ತುಕೊಂಡೇ ಹಡಗು ಹತ್ತುತ್ತಾರೆ.

“ನೀನೇ ಹೇಳು ಮೇಷ್ಟ್ರಮ್ಮ, ನಾನೀಗ ನೇಮ ಕೆಟ್ಟೋಳಾಗ್ಲೋ, ಸುಳ್ಳಿ ಆಗ್ಲೋ?”

ಅಷ್ಟರಲ್ಲಿ ಮುಂದಿನ ಬಾಗಿಲಲ್ಲಿ ಜಟಕಾದ ಗೆಜ್ಜೆ ಕೇಳಿಸಿತು.

ಪಾದ್ರಿಗಳು ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಜಟಕಾದಲ್ಲೇ ಕೂತರು. ಅಮ್ಮನವರು ಒಬ್ಬರೇ ಇಳಿದು ಬಂದು, ಜಗಲಿಯ ಮೇಲೆ ತಮ್ಮ ಮಾಮೂಲಿ ಜಾಗದಲ್ಲಿ ಕೂರದೆ ನಿಂತೇ ಹೇಳಿದರು. ಈ ಸಲದ ಕೇಕಿನಲ್ಲಿ ಮೊಟ್ಟೆ ಇತ್ತು, ಬೇಕೆಂದು ಮಾಡಿದ್ದಲ್ಲ, ಡಬ್ಬಿ ಬದಲಾಯಿತು, ಅದಕ್ಕೆ ಏನು ಪ್ರಾಯಶ್ಚಿತ್ತವೋ ಅದರ ಖರ್ಚು ತನ್ನದು ಎಂದು. ಅಜ್ಜಿ ನನ್ನ ಕಡೆ ಒಮ್ಮೆ ನೋಡಿದರು. ನಾನು ಚಾವಣಿ ನೋಡಿದೆ.

“ನಾನು ತಿಂದಿಲ್ಲ ಕಣ್ ತಾಯಿ,” ಎಂದರು ಅಜ್ಜಿ.

“ಈ ಸಲದ್ದಾ ಅಕ್ಕ?”

“ಯಾವ ಸಲದ್ದೂ.”

ಅಮ್ಮನವರು ಈಗ ಕೂತರು. ಹಾಗಾದರೆ ಯಾರು ತಿಂದರು ಎಂದು ಕೇಳಿದರು. ಅಜ್ಜಿ ಬಾಯಲ್ಲಿ ಹೇಳಲಾರದೆ ಗದ್ದವನ್ನು ಜಟಕಾದ ಕಡೆ ತಿರುಗಿಸಿದರು. ಕುದುರೆಗೆ ಹುಲ್ಲು ಹಾಕುತ್ತಿದ್ದ ಸಾಬರು ಎಲ್ಲರ ಕಣ್ಣೂ ತಮ್ಮ ಮೇಲೆ ಬಿದ್ದದ್ದನ್ನು ಕಂಡು, ಹೊಗಳಿಬಿಟ್ಟರೆ ಬಚಾವಾಗಬಹುದು ಎಂದುಕೊಂಡಿರಬೇಕು.

“ಈ ವರ್ಷದ್ದು ಭಾಳ ಮೆತ್ತಗಿತ್ತು ಅಮ್ಮಾವ್ರೇ. ಮೊದಲಿನವೆಲ್ಲ ಚಾದಲ್ಲಿ ಅದ್ದಿದ್ರೇ ಹಲ್ಲಿಗೆ ಬರ್ತಿತ್ತು.”

ಮೊದಲು ನಕ್ಕವರು ಪಾದ್ರಿಗಳು. ಟೋಪಿ ಬಿತ್ತು, ಜಟಕಾ ಅಲ್ಲಾಡಿತು, ಕುದುರೆ ಎರಡು ಹೆಜ್ಜೆ ಮುಂದಕ್ಕೆ ಹೋಯಿತು. ಅಮ್ಮನವರು ಸಿಟ್ಟಿನಲ್ಲಿ ತಿರುಗಿ ನೋಡಿದವರು ತಾವೂ ಸೆರಗಿಲ್ಲದ ಗೌನಿನ ತೋಳಿನಲ್ಲಿ ಕಣ್ಣೊರೆಸಿಕೊಂಡು ನಗತೊಡಗಿದರು. ನಗು ಇಳಿದ ಮೇಲೆ, ಈಗ ತಾನೂ ಒಂದು ಹೇಳಬೇಕು ಎಂದು ಅಜ್ಜಿಯ ಕೈ ಹಿಡಿದರು. ಪಾದ್ರಿಗಳದು ಕಟ್ಟಿಸಿದ ಹಲ್ಲು, ತನ್ನವು ಅಲ್ಲಾಡುವ ಹಲ್ಲು. ಅಜ್ಜಿಯ ಎಳ್ಳುಂಡೆಯನ್ನು ಹದಿನಾಲ್ಕು ವರ್ಷದಲ್ಲಿ ಒಂದು ದಿನವೂ ಬಾಯಿಗೆ ಹಾಕಿದ್ದಿಲ್ಲ, ಎಲ್ಲ ನನ್ನ ಕೋಣೆಗೆ, ನಾನು ಬರುವ ಮುಂಚೆ ನನ್ನ ಹಿಂದಿನ ಮೇಷ್ಟ್ರಮ್ಮನ ಕೋಣೆಗೆ ಹೋಗಿದೆ ಎಂದರು.

ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದರು. “ಅದ್ಕೇಯಾ ನೀನು ಇಂಗೆ ಊದ್ಕಂಡಿರೋದು,” ಎಂದರು. ಗುಟ್ಟು ಬಚ್ಚಿಟ್ಟಿದ್ದಕ್ಕೆ ನನಗೆ ಸಿಕ್ಕ ಶಿಕ್ಷೆ ಅಷ್ಟೇ.

ಎದ್ದು ಹೋಗುವ ಹೊತ್ತಿಗೆ ಅಮ್ಮನವರ ನಗು ಕರಗಿತ್ತು. ಇನ್ನೊಂದು ಡಿಸೆಂಬರ್ ಇಲ್ಲ, ಊರಲ್ಲಿ ಹೇಳಿಕೊಳ್ಳಲು ಇದ್ದ ಒಂದು ಮಾತೂ ಹೋಯಿತು ಎಂದು ನನ್ನ ಹತ್ತಿರ ಮೆಲ್ಲಗೆ ಅಂದರು. ಅದು ಅಜ್ಜಿಯ ಕಿವಿಗೂ ಬಿತ್ತು. ಅಜ್ಜಿ ಸೊಸೆಯನ್ನು ಕೂಗಿ ಹಿತ್ತಲಿನ ನೀರೊಲೆಯ ಬೂದಿ ತೆಗೆದು ಹೊಸದಾಗಿ ಕೆಂಡ ಮಾಡು ಎಂದರು.

“ನನ್ನ ಪಾತ್ರೆ, ನನ್ನ ತುಪ್ಪ, ನನ್ನ ಕಣ್ಮುಂದೆ. ಕೈಕಾಲು ತೊಳ್ಕಂಡು ಬಾ ತಾಯಿ, ಮಾಡು. ತಿಂತೀನಿ.”

ಪಾದ್ರಿಗಳು ಇವತ್ತು ಶನಿವಾರ, ಪ್ರಸಂಗ ಬರೆಯುವ ದಿನ ಎಂದು ಜಟಕಾದಿಂದಲೇ ನೆನಪಿಸಿದರು. ಅಮ್ಮನವರು ಆಗಲೇ ತೋಳು ಮೇಲಕ್ಕೆತ್ತಿ ಸುತ್ತುತ್ತಿದ್ದರು. ಭಾನುವಾರ ಪಾದ್ರಿಗಳು ಹಿಂದಿನ ವರ್ಷದ ಪ್ರಸಂಗವನ್ನೇ ಓದಿದರು. ಹಾರ್ಮೋನಿಯಂ ಹಿಂದೆ ಕೂತಿದ್ದ ನನ್ನ ಹೊರತು ಯಾರಿಗೂ ಅದು ಗೊತ್ತಾದಂತೆ ಕಾಣಲಿಲ್ಲ.

ಆ ಶನಿವಾರ ಮಧ್ಯಾಹ್ನ ಆಗುತ್ತಾ ಕೇಕು ಬೆಂದಿತು. ಅಮ್ಮನವರು ಅಭ್ಯಾಸಬಲದಿಂದ ನಡುಮಧ್ಯೆ ಲವಂಗ ಚುಚ್ಚಿದ್ದರು. ಅಜ್ಜಿ ಒಂದು ತುಂಡು ಮುರಿದು ಹಣೆಗೆ ಒತ್ತಿಕೊಂಡು ಬಾಯಿಗೆ ಹಾಕಿಕೊಂಡರು. ಅಮ್ಮನವರು ಮುಖಕ್ಕೆ ಮುಖ ತಂದು ಕೂತಿದ್ದರು, ಅಕ್ಕನನ್ನು ಇನ್ನು ನಂಬುವ ಹಾಗಿಲ್ಲವಲ್ಲ.

“ನುಂಗಿ ಅಕ್ಕ. ನಾನು ನೋಡ್ತಾ ಇದ್ದೀನಿ.”

ಅಜ್ಜಿ ನುಂಗಿದರು. ನುಂಗಿದ್ದಕ್ಕೆ ಸಾಕ್ಷಿಯಾಗಿ ಬಾಯಿ ಅಗಲಿಸಿ ಅಮ್ಮನವರಿಗೂ, ಸೊಸೆಗೂ, ನನಗೂ ತೋರಿಸಿದರು. ಸಾಬರು ಹೇಳಿದ್ದು ಸರಿ, ಒಣಗಿದೆ ಎಂದರು. ಎಂದು ಇನ್ನೊಂದು ತುಂಡು ಮುರಿದುಕೊಂಡರು. ಆಮೇಲೆ ಒಳಗಿನಿಂದ ಒಂದು ಎಳ್ಳುಂಡೆ ತಂದು ಅಮ್ಮನವರ ಅಂಗೈಯಲ್ಲಿಟ್ಟು, ಅದೇ ರೀತಿ ಮುಖಕ್ಕೆ ಮುಖ ತಂದು ಕೂತರು.

ಜಟಕಾ ಹತ್ತುವಾಗ ಆ ಎಳ್ಳುಂಡೆ ಅಮ್ಮನವರ ಎಡಗೆನ್ನೆಯಲ್ಲಿ ಇತ್ತು. ಪೇಟೆ ಬೀದಿ ದಾಟುವಾಗಲೂ ಇತ್ತು. ಊಟಕ್ಕೆ ಏನಿದೆ ಎಂದು ಪಾದ್ರಿಗಳು ಎರಡು ಸಲ ಕೇಳಿದರು. ಉತ್ತರ ಬರದಿದ್ದಾಗ, ಇಷ್ಟು ವರ್ಷದ ಸಂಸಾರದಲ್ಲಿ ಎಂದೂ ಸಿಗದ ಆ ಮೌನವನ್ನು ಅನುಭವಿಸುತ್ತಾ ಟೋಪಿ ಹಾಕಿಕೊಂಡು ಹಿಂದಕ್ಕೆ ಒರಗಿದರು. ಬಂಗಲೆಯ ಗೇಟಿನ ಹತ್ತಿರ ಅಮ್ಮನವರು ನನ್ನ ಕಡೆ ತಿರುಗಿ ಬಾಯಿ ಅಗಲಿಸಿ ತೋರಿಸಿದರು. ಖಾಲಿಯಾಗಿತ್ತು.